ಒನ್ಸ್‌ಮೋರ್ ದಿನ್ನಿ

ಮುತ್ತಲಕೊಪ್ಪದ ಪಡುವಣಕ್ಕೆ, ಹಳ್ಳ ದಾಟಿದ ಕೂಡಲೇ, ಕರಿಮಣ್ಣಿನ ಹೊಲಗಳ ನಡುವೆ ಎತ್ತರದ ಒಂದು ದಿನ್ನಿ ಕಾಣುತ್ತದೆ. ಅದರ ಮೇಲೆ ಬೇವಿನ ಮರಗಳು, ಒಣಹುಲ್ಲು, ಒಂದು ಹಳೆಯ ಸಮಾಧಿ, ಅಷ್ಟೇ. ಸರ್ಕಾರದ ನಕ್ಷೆಯಲ್ಲಿ ಇದಕ್ಕೆ ಏನೋ ಒಂದು ನಂಬರು ಇದೆಯಂತೆ. ಊರವರು ಅದನ್ನು ಕೇಳುವ ಗೋಜಿಗೇ ಹೋಗಿಲ್ಲ. ಅವರಿಗೆ ಇದು ಒನ್ಸ್‌ಮೋರ್ ದಿನ್ನಿ. ಹೊಸಬರು ಹೆಸರು ಕೇಳಿ ನಗುತ್ತಾರೆ. ನಗಲಿ, ಕಥೆ ಕೇಳುವ ತನಕ ತಾನೆ.

ಹಿಂದೆ ಒಮ್ಮೆ, ನಾಟಕ ಕಂಪನಿಗಳು ಎತ್ತಿನ ಬಂಡಿಯಲ್ಲಿ ಪರದೆಗಳನ್ನು ಹೇರಿಕೊಂಡು ಊರೂರು ತಿರುಗುತ್ತಿದ್ದ ಕಾಲದಲ್ಲಿ, ಚಂದ್ರಕಲಾ ಸಂಗೀತ ನಾಟಕ ಮಂಡಳಿ ಇಲ್ಲಿ ಡೇರೆ ಹೊಡೆದಿತ್ತು ಎನ್ನುತ್ತಾರೆ. ಅದರಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದ ಪೇಟಿ ಮಾಸ್ತರ ಅಡಿವೆಪ್ಪ ಸಿಡುಕಿನ ಮನುಷ್ಯ. ಶ್ರುತಿ ತಪ್ಪಿದರೆ ಮಾಲೀಕನನ್ನೂ ಬೈದುಬಿಡುತ್ತಿದ್ದ. ನಾಯಕಿ ತುಂಗವ್ವನ ಮುಂದೆ ಮಾತ್ರ ಮೆತ್ತಗಾಗುತ್ತಿದ್ದ. ತಬ್ಬಲಿ ಹುಡುಗಿಗೆ ಸರಿಗಮ ಕಲಿಸಿ ಬೆಳೆಸಿದವನು ಅವನೇ. ಅವಳಿಗಾಗಿಯೇ ‘ಸತಿ ಮೇಘಾವತಿ’ ಎಂಬ ನಾಟಕಕ್ಕೆ ಮಳೆಗಾಲವಿಡೀ ಕೂತು ಮಟ್ಟು ಕಟ್ಟಿದ. ಅಷ್ಟರಲ್ಲಿ ಅವಳಿಗೆ ಕ್ಷಯ ಅಂಟಿತು. ಹಾಡು ಬಿಡಿಸಿ ಎಂದರು ವೈದ್ಯರು. ಹಾಡು ಬಿಟ್ಟರೆ ಅನ್ನ ಸೇರುವುದಿಲ್ಲ ಎಂದಳು ಅವಳು. ಅಡಿವೆಪ್ಪ ಉದ್ದದ ಹಾಡುಗಳನ್ನೆಲ್ಲ ಸಖಿಯರಿಗೆ ಹಂಚಿ, ಅವಳಿಗೆ ಸಾವಿನ ದೃಶ್ಯದ ಒಂದೇ ಹಾಡು ಉಳಿಸಿದ. ತಗ್ಗಿನ ಸ್ವರ, ನಾಲ್ಕೇ ಸಾಲು. ಹಾಡು ಮುಗಿಯುತ್ತಲೇ ಮೇಘಾವತಿ ಪ್ರಾಣ ಬಿಡಬೇಕು. ಸತ್ತವಳನ್ನು ಯಾರು ಎಬ್ಬಿಸಿ ಹಾಡಿಸುತ್ತಾರೆ ಎಂದು ಅವನು ಧೈರ್ಯ ತಂದುಕೊಂಡಿದ್ದ.

ಬೇರೆ ಊರುಗಳಲ್ಲಿ ಹಾಗೆಯೇ ಆಯಿತು. ನಾಟಕ ಹೆಸರು ಮಾಡಿತು. ಜನ ಬಂಡಿ ಕಟ್ಟಿಕೊಂಡು ಬಂದು, ಆ ಹಾಡಿಗೆ ಅತ್ತು, ಸುಮ್ಮನೆ ಎದ್ದು ಹೋದರು. ಮುತ್ತಲಕೊಪ್ಪದವರೋ ಸಂಗೀತದ ಹುಚ್ಚರು. ತುಂಗವ್ವ ನೆಲಕ್ಕೊರಗಿದ್ದೇ ತಡ, ಡೇರೆ ತುಂಬ ‘ಒನ್ಸ್‌ಮೋರ್’ ಎಂಬ ಕೂಗೆದ್ದಿತು. ಹಾಗೆ ಕೂಗಿದರೆ ಹಾಡನ್ನು ಮತ್ತೆ ಹಾಡಲೇಬೇಕು, ಇಲ್ಲವಾದರೆ ಕೂತವರಿಗೆ ಅವಮಾನ. ಅದು ಕಂಪನಿಗಳ ಕಟ್ಟಳೆ. ಸತ್ತ ಮೇಘಾವತಿ ಎದ್ದು ಕುಳಿತಳು, ಮತ್ತೆ ಹಾಡಿ ಮತ್ತೆ ಸತ್ತಳು. ಮತ್ತೆ ಕೂಗು. ಅವಳು ಸೆರಗಿನಿಂದ ಬಾಯೊರೆಸಿಕೊಂಡದ್ದನ್ನು ರಂಗದ ಪಕ್ಕದಲ್ಲಿದ್ದ ಅಡಿವೆಪ್ಪ ನೋಡಿದ. ಸೆರಗು ಕೆಂಪಾಗಿತ್ತು.

“ಸಾಕವ್ವಾ, ಪರದೆ ಇಳಸಾಕ ಹೇಳ್ತೀನಿ,” ಎಂದ.

“ಬ್ಯಾಡ್ರಿ ಮಾಸ್ತರ. ನಿಮ್ಮ ಹಾಡಿಗೆ ಇಷ್ಟು ಮಂದಿ ಎಂದಾರ ಕೂಗಿದ್ರೇನ್ರಿ? ಪೇಟಿ ಹಿಡೀರಿ.”

ಅವನು ಪೇಟಿಯಿಂದ ಕೈ ಎತ್ತಿಬಿಟ್ಟಿದ್ದರೆ ಮುಗಿಯುತ್ತಿತ್ತು. ಅವನ ಶ್ರುತಿಯಿಲ್ಲದೆ ಅವಳು ಹಾಡುತ್ತಿರಲಿಲ್ಲ. ಆದರೆ ತಾನು ಕಟ್ಟಿದ ಆ ಮಟ್ಟಿಗೆ ಊರಿಗೆ ಊರೇ ಕೂಗುವುದನ್ನು ಅವನು ಅಂದೇ ಮೊದಲು ಕೇಳಿದ್ದು. ಆ ಸುಖಕ್ಕೆ ಸೋತು ಪೇಟಿ ಹಿಡಿದ. ತುಂಗವ್ವ ಹಾಡಿದಳು, ಒರಗಿದಳು. ಮುಂದಿನ ಕೂಗಿಗೆ ಏಳಲಿಲ್ಲ. ಎಷ್ಟು ಚೆನ್ನಾಗಿ ಸತ್ತಳು ಎಂದು ಜನ ಇನ್ನೂ ಚಪ್ಪಾಳೆ ತಟ್ಟುತ್ತಲೇ ಇದ್ದರು ಎನ್ನುತ್ತಾರೆ.

ಡೇರೆ ಇದ್ದಲ್ಲೇ ಅವಳನ್ನು ಮಣ್ಣು ಮಾಡಿದರು. ಕಂಪನಿ ಆ ನಾಟಕವನ್ನು ಮತ್ತೆಂದೂ ಆಡಲಿಲ್ಲ. ಅಡಿವೆಪ್ಪ ಪೇಟಿ ಮುಟ್ಟದೆ ಇದೇ ಊರಲ್ಲಿ ಸವೆದುಹೋದ. ಜಾಗಕ್ಕೆ ತುಂಗವ್ವನ ದಿನ್ನಿ ಎಂದು ಹೆಸರಿಡೋಣ ಎಂದು ಹಿರಿಯರು ಅಂದಾಗ ಅವನು ಒಪ್ಪಲಿಲ್ಲವಂತೆ. “ಆಕಿ ಹೆಸರ ಯಾಕ್ರಿ? ನಾವು ಮಾಡಿದ್ದರ ಹೆಸರಿಡ್ರಿ,” ಎಂದನಂತೆ. ಊರವರು ತಲೆತಗ್ಗಿಸಿ ಹಾಗೆಯೇ ಇಟ್ಟರು.

ಇಂದಿಗೂ ಈ ದಾರಿಯಲ್ಲಿ ಹೋಗುವ ಹಾಡುಗಾರರು ಅವಳ ಸಮಾಧಿಯ ಮೇಲೆ ಚೂರು ಕಲ್ಲುಸಕ್ಕರೆ ಇಟ್ಟು, ಒಂದು ಹಾಡು ಹೇಳುತ್ತಾರೆ. ಹೊಲದವರು ಕೆಲಸ ಬಿಟ್ಟು ಬಂದು ಸುತ್ತ ಕೂರುತ್ತಾರೆ. ಹಾಡು ಎಷ್ಟೇ ಚೆನ್ನಾಗಿರಲಿ, ಮುಗಿದ ಮೇಲೆ ಯಾರೂ ಬಾಯಿ ತೆರೆಯುವುದಿಲ್ಲ. ಹಾಡಿದವರಿಗೆ ಕುಡಿಯಲು ನೀರು ಕೊಟ್ಟು ಕಳಿಸುತ್ತಾರೆ.