ಸುರಂಗದಲ್ಲಿ ಹಿಡಿದ ಕೈ

ತುಂಗಭದ್ರೆಯ ದಂಡೆಯ ಮೇಲೆ ಒಂದು ಸಣ್ಣ ಆಶ್ರಮ. ಅಲ್ಲಿ ಅಡವಯ್ಯನವರು ಎಂಬ ಗುರುಗಳಿದ್ದರು. ಎಲ್ಲರಿಗೂ ಅವರು ‘ಅಪ್ಪಾರು’.

ವಯಸ್ಸು ಎಪ್ಪತ್ತೆಂಟು. ಬಿಸಿಲಲ್ಲಿ ಅವರಿಗೆ ಕಣ್ಣು ಚೆನ್ನಾಗಿಯೇ ಕಾಣುತ್ತಿತ್ತು. ನೆರಳಿಗೆ ಬಂದರೆ ಕಂಬ ಯಾವುದು, ಮನುಷ್ಯ ಯಾವುದು ತಿಳಿಯುತ್ತಿರಲಿಲ್ಲ. ಒಂದು ಸಲ ಪಡಸಾಲೆಯ ಕಂಬಕ್ಕೆ “ಊಟ ಆತೇನಪಾ?” ಎಂದು ಕೇಳಿದ್ದರು. ಎಲ್ಲರೂ ನಕ್ಕಾಗ ತಾವೂ ನಕ್ಕಿದ್ದರು.

ಅವರ ಹಳೆಯ ಶಿಷ್ಯೆ ವಿಶಾಲಾಕ್ಷಿ ಟೀಚರ್ ಇಥಿಯೋಪಿಯಾದಲ್ಲಿ ಇಪ್ಪತ್ತು ವರ್ಷದಿಂದ ಗಣಿತ ಕಲಿಸುತ್ತಿದ್ದರು. “ಒಮ್ಮೆ ಬಂದು ಈ ದೇಶ ನೋಡಿ ಹೋಗ್ರಿ” ಎಂದು ಅವರು ಕರೆದರು. ಗುರುಗಳು ಹೂಂ ಅಂದುಬಿಟ್ಟರು.

ಜೊತೆಗೆ ಹೊರಟವನು ಶರಭಣ್ಣ. ಹತ್ತು ವರ್ಷದಿಂದ ಗುರುಗಳ ಸೇವೆಯಲ್ಲಿದ್ದವನು.

ಹೊರಡುವಾಗ ಆಶ್ರಮದವರು ಅವನಿಂದ ಒಂದೇ ಮಾತು ತೆಗೆದುಕೊಂಡರು. “ಅಪ್ಪಾರ ಕೈ ಬಿಡಬ್ಯಾಡ.”

“ಜೀವ ಬಿಟ್ಟೇನು, ಕೈ ಬಿಡೂದಿಲ್ಲ,” ಎಂದ ಶರಭಣ್ಣ.

ಬಿಡಲೂ ಇಲ್ಲ.

ಅಡಿಸ್ ಅಬಾಬಾದ ಮ್ಯೂಸಿಯಂನಲ್ಲಿ ಲಕ್ಷಗಟ್ಟಲೆ ವರ್ಷಗಳ ಹಿಂದಿನ, ಮನುಷ್ಯರ ಪೂರ್ವಜರ ಪೈಕಿಯ ಒಂದು ಪುಟ್ಟ ಹೆಣ್ಣುಜೀವದ ಎಲುಬುಗಳಿದ್ದವು. ಗುರುಗಳು ಅದರ ಮುಂದೆ ನಿಲ್ಲಬೇಕೆಂದರು. ಜನ ನೂಕುತ್ತಾರೆಂದು ಶರಭಣ್ಣ ಅವರನ್ನು ಎಳೆದುಕೊಂಡು ಹೋದ.

ಗೊಂಡರ್ ಎಂಬ ಊರಿನ ಹಳೆಯ ಅರಮನೆಗಳಲ್ಲಿ ಅವನೇ ಮುಂದೆ. “ದಾರಿ ಬಿಡ್ರಿ, ದಾರಿ ಬಿಡ್ರಿ, ಅಪ್ಪಾರು ಬರಾಕತ್ತಾರ!” ಎಂದು ಅಪ್ಪಟ ಕನ್ನಡದಲ್ಲಿ ಕೂಗುತ್ತ, ಮೊಣಕೈಯಿಂದ ಜನರನ್ನು ಸರಿಸುತ್ತ ನಡೆದ. ಭಾಷೆ ತಿಳಿಯದಿದ್ದರೂ ಗಂಟಲಿಗೆ ಹೆದರಿ ಜನ ಸರಿದರು.

ವಿಶಾಲಾಕ್ಷಿ ಟೀಚರ್ ಗುರುಗಳ ಮಣಿಕಟ್ಟು ನೋಡಿದರು. “ಕೆಂಪಗಾಗೇತಲ್ರಿ, ಅಪ್ಪಾರೆ!”

“ಭಕ್ತಿ ಸ್ವಲ್ಪ ಬಿಗಿ ಐತಿ,” ಎಂದರು ಗುರುಗಳು.

ಎಂಟನೆಯ ದಿನ ಮೂವರೂ ಲಾಲಿಬೆಲಾಕ್ಕೆ ಬಂದರು.

ಅದು ಬೆಟ್ಟದ ಊರು. ಅಲ್ಲಿಯ ಚರ್ಚುಗಳು ನೆಲದ ಮೇಲೆ ಎದ್ದು ನಿಂತವಲ್ಲ. ಕೆಂಪು ಬಂಡೆಯನ್ನು ಮೇಲಿಂದ ಕೆಳಕ್ಕೆ ಕಡಿಯುತ್ತ ಹೋಗಿ, ಚಾವಣಿ ಮೊದಲು, ಆಮೇಲೆ ಕಿಟಕಿ, ಕೊನೆಗೆ ಹೊಸ್ತಿಲು ಎಂಬಂತೆ ನೆಲದೊಳಗೇ ಕೆತ್ತಿದವು. ಬಿಳಿ ಬಟ್ಟೆ ಹೊದ್ದ ಯಾತ್ರಿಕರು ಗೋಡೆಗೆ ಹಣೆ ಒತ್ತಿ ನಿಂತಿದ್ದರು. ಎಲ್ಲೋ ಡೋಲು ಬಾರಿಸುತ್ತಿದ್ದರು.

ಗುರುಗಳು ಬಂಡೆಯ ಮೇಲೆ ಅಂಗೈ ಇಟ್ಟು ಬಹಳ ಹೊತ್ತು ನಿಂತರು. “ಉಳಿಯ ಏಟು ಇನ್ನೂ ಬೆರಳಿಗೆ ತಾಗ್ತಾವ,” ಎಂದರು.

“ಮುಂದ ಇನ್ನೂ ನೋಡೂದು ಬಾಳ ಐತ್ರಿ,” ಎಂದು ಶರಭಣ್ಣ ಕೈ ಎಳೆದ.

ಒಂದು ಚರ್ಚಿನಿಂದ ಇನ್ನೊಂದಕ್ಕೆ ಹೋಗಲು ಬಂಡೆಯೊಳಗೆ ಒಂದು ಸುರಂಗವಿತ್ತು. ಅದರ ಬಾಯಲ್ಲಿ ವಿಶಾಲಾಕ್ಷಿ ಟೀಚರ್ ನಿಂತರು.

“ಯಾತ್ರಿಕರು ಇದನ್ನ ದೀಪ ಇಲ್ಲದ ದಾಟ್ತಾರ. ಬಲಗೈ ಗೋಡಿಗೆ ಹಚ್ಚಿ ನಡೀಬೇಕು. ಒಳಗಿನ ಕತ್ತಲು ನರಕ, ಆ ಕಡೆ ಸ್ವರ್ಗ ಅಂತ ಹೇಳ್ತಾರ. ನನಗ ಕತ್ತಲು ಆಗಿಬರೂದಿಲ್ಲ. ಮ್ಯಾಲಿನ ದಾರಿಲೆ ಬಂದು ಆ ಕಡೆ ನಿಂತಿರ್ತೀನಿ.”

ಶರಭಣ್ಣನಿಗೂ ಕತ್ತಲೆಂದರೆ ಭಯ. ಹೇಳಲಿಲ್ಲ. “ಮೊಬೈಲಿನ ಟಾರ್ಚ್ ಹಚ್ಚಲೇನ್ರಿ? ನಿಮಗ ಕಾಣಬೇಕಲ್ಲ?”

“ಕತ್ತಲೊಳಗ ನಡಿಯೂದು ನನಗ ರೂಢಿ ಐತಿ. ನಡಿ,” ಎಂದರು ಗುರುಗಳು.

ಶರಭಣ್ಣ ಮುಂದೆ, ಗುರುಗಳು ಹಿಂದೆ, ಅವರ ಬೆನ್ನಿಗೇ ಇನ್ನಷ್ಟು ಯಾತ್ರಿಕರು. ಬಲಗೈ ಗೋಡೆಯ ಮೇಲೆ, ಎಡಗೈಯಲ್ಲಿ ಗುರುಗಳ ಮಣಿಕಟ್ಟು.

ಹತ್ತು ಹೆಜ್ಜೆಗೆ ಕತ್ತಲು ಮುಚ್ಚಿಕೊಂಡಿತು. ಕಣ್ಣು ತೆರೆದರೂ ಅಷ್ಟೇ, ಮುಚ್ಚಿದರೂ ಅಷ್ಟೇ.

ನಡುದಾರಿಯಲ್ಲಿ ಎದುರಿನಿಂದ ಒಂದು ಗುಂಪು ಬಂತು. ಎಲ್ಲರೂ ಗೋಡೆಗೆ ಒತ್ತಿಕೊಂಡರು. ಯಾರದೋ ಹೆಗಲು ತಾಗಿ ಗುರುಗಳ ಕೈ ಜಾರಿತು.

ಶರಭಣ್ಣ ಕತ್ತಲಲ್ಲಿ ತಡಕಾಡಿದ. ಒಣಗಿದ, ಸುಕ್ಕುಗಟ್ಟಿದ ಒಂದು ಕೈ ಸಿಕ್ಕಿತು. ಗಟ್ಟಿಯಾಗಿ ಹಿಡಿದುಕೊಂಡ. ಆ ಕೈಯೂ ಅವನನ್ನು ಹಿಡಿದುಕೊಂಡಿತು.

ಈಗ ಅವನು ಎಳೆಯಲಿಲ್ಲ. ಹಿಂದಿನ ಹೆಜ್ಜೆ ತಡವಾದರೆ ತಾನೂ ನಿಂತ. ಚಾವಣಿ ತಗ್ಗಾದಲ್ಲಿ ಬಲಗೈ ಹಿಂದೆ ಚಾಚಿ, ಆ ತಲೆಗೆ ಕಲ್ಲು ತಾಗದಂತೆ ಅಂಗೈ ಅಡ್ಡ ಹಿಡಿದ. ಹತ್ತಿರದಲ್ಲೇ ಯಾರೋ ಹೆಂಗಸು “ಅಯ್ಝೋ, ಅಯ್ಝೋ” ಎಂದು ಮೆಲ್ಲಗೆ ಹೇಳುತ್ತಿದ್ದಳು. ಏನೋ ಮಂತ್ರವಿರಬೇಕು ಅಂದುಕೊಂಡ. ಕೇಳುತ್ತ ಕೇಳುತ್ತ ಅವನ ಉಸಿರು ಸರಿಹೋಯಿತು.

ಬೆಳಕು ಕಂಡಿತು. ಸುರಂಗ ಮುಗಿದಲ್ಲಿ ಮೂರು ಎತ್ತರದ ಕಲ್ಲುಮೆಟ್ಟಿಲು.

“ಬಂದಿವ್ರಿ, ಅಪ್ಪಾರೆ. ಇಲ್ಲಿ ಕಾಲು ಎತ್ತಿ ಇಡ್ರಿ,” ಎಂದು ತಿರುಗಿ ನೋಡಿದ.

ಬಿಳಿ ಸೆರಗಿನೊಳಗೆ ಒಂದು ಮುದುಕಿಯ ಮುಖ. ಹಣೆಯ ಮೇಲೆ ಶಿಲುಬೆಯ ಹಚ್ಚೆ. ಮೊದಲ ಮೆಟ್ಟಿಲಿಗೆ ಒಂದು ಕಾಲು ಎತ್ತಿಟ್ಟು, ಅವನ ಕೈಯ ಮೇಲೆ ಭಾರ ಹಾಕಿ, ಬಾಯ್ತುಂಬ ನಗುತ್ತಿದ್ದಳು.

“ಅಪ್ಪಾರೆ!” ಎಂದು ಚೀರಿ, ಅವಳ ಕೈ ಕೊಡವಿ, ಶರಭಣ್ಣ ತಿರುಗಿ ಸುರಂಗದೊಳಗೆ ನುಗ್ಗಿದ.

ಟಾರ್ಚ್ ಹಚ್ಚಿದ. ಬಿಳಿ ಬಟ್ಟೆಯ ಜನ ಕಣ್ಣು ಮುಚ್ಚಿಕೊಂಡರು. “ದಾರಿ ಬಿಡ್ರಿ! ದಾರಿ ಬಿಡ್ರಿ!” ಎಂದು ಒಬ್ಬೊಬ್ಬರನ್ನೇ ಗೋಡೆಗೆ ಸರಿಸುತ್ತ ಓಡಿದ. ಗುರುಗಳ ಕಾವಿ ಬಟ್ಟೆ ಎಲ್ಲೂ ಕಾಣಲಿಲ್ಲ. ಸುರಂಗದ ಆ ಬಾಯಿಯವರೆಗೂ ಹೋದ. ಇಲ್ಲ. ಆಶ್ರಮಕ್ಕೆ ಯಾವ ಮುಖ ಹೊತ್ತು ಹೋಗಲಿ? ಅಳುತ್ತ ಮತ್ತೆ ಈ ಕಡೆಗೆ ಓಡಿ ಬಂದ.

ಮೆಟ್ಟಿಲ ಬುಡದಲ್ಲಿ ನಗು ಕೇಳಿಸಿತು.

ಮುದುಕಿ ಗೋಡೆಗೆ ಒರಗಿ ನಿಂತಿದ್ದಳು. ಪಕ್ಕದಲ್ಲಿ ಅವಳ ಗಂಡ. ಅವನ ಕೈಯಲ್ಲಿ ಕೈಯಿಟ್ಟು, ಮೈತುಂಬ ಬಿಳಿ ಶಾಲು ಹೊದ್ದು, ಹುರಿದ ಬಾರ್ಲಿ ಅಗಿಯುತ್ತ ನಿಂತಿದ್ದವರು ಅಡವಯ್ಯನವರು. ಮೇಲಿನ ದಾರಿಯಿಂದ ಬಂದಿದ್ದ ವಿಶಾಲಾಕ್ಷಿ ಟೀಚರ್ ಮೆಟ್ಟಿಲ ತುದಿಯಲ್ಲಿದ್ದರು.

“ಎಲ್ಲಿ ಹೋಗಿದ್ರಿ, ಅಪ್ಪಾರೆ?”

“ಎಲ್ಲೂ ಇಲ್ಲ. ಒಳಗ ಥಂಡಿ ಇತ್ತು, ಈ ಯಜಮಾನರು ಶಾಲು ಹೊದಿಸಿದ್ರು. ನೀ ನನ್ನ ಮುಂದ ಓಡಿ ಹೋದಿ. ಭುಜ ಹಿಡಿದು ಗೋಡಿಗೆ ಸರಿಸಿದಿ.”

ಶರಭಣ್ಣ ಟಾರ್ಚ್ ಆರಿಸಿದ. “ಒಂದು ಮಾತು ಕರೀಬಾರದಿತ್ತೇನ್ರಿ?”

“ದಾರಿ ಬಿಡ್ರಿ ಅಂದಿ. ಬಿಟ್ಟೆ.”

ಮುದುಕಿ ಏನೋ ಹೇಳಿದಳು. ವಿಶಾಲಾಕ್ಷಿ ಟೀಚರ್ ನಗುತ್ತ ಅದನ್ನು ಕನ್ನಡಕ್ಕೆ ತಂದರು. “ಕೈ ಹಿಡಿದ ಕೂಡಲೆ ಗಂಡನ ಕೈ ಅಲ್ಲ ಅಂತ ಆಕಿಗೆ ಗೊತ್ತಾತಂತ. ಅವರ ಕೈಗೆ ನಾಕೇ ಬೆರಳು. ಆದರ ಈ ಕೈ ಬಾಳ ನಡುಗಾಕತ್ತಿತ್ತಂತ. ಅದಕ್ಕ ಬಿಡಲಿಲ್ಲಂತ.”

“ಅಯ್ಝೋ ಅಂದದ್ದು ಇವರೇನು?”

“ಹೌದು. ಹೆದರಬ್ಯಾಡಪಾ, ಅಂದಂಗ.”

ಶರಭಣ್ಣ ತಲೆ ತಗ್ಗಿಸಿ ಗುರುಗಳ ಕಾಲು ಮುಟ್ಟಿದ. “ತಪ್ಪಾತ್ರಿ, ಅಪ್ಪಾರೆ. ಕತ್ತಲೊಳಗ ನಿಮ್ಮ ಕೈ ಬಿಟ್ಟೆ.”

“ಕತ್ತಲೊಳಗ ನೀ ತಪ್ಪಲಿಲ್ಲೋ, ಶರಭಾ. ಬೆಳಕಿಗೆ ಬಂದ ಮ್ಯಾಲೆ ತಪ್ಪಿದಿ.”

ಶರಭಣ್ಣ ಕಣ್ಣೊರೆಸಿಕೊಂಡು, ಎಂದಿನಂತೆ ಗುರುಗಳ ಮಣಿಕಟ್ಟಿಗೆ ಕೈ ಚಾಚಿದ.

ಗುರುಗಳು ನಾಲ್ಕು ಬೆರಳಿನ ಆ ಕೈಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡರು.

“ನನಗ ಇವರು ಅದಾರ. ಆ ಆಯಿ ಇನ್ನೂ ಮೂರು ಮೆಟ್ಟಲು ಹತ್ತಬೇಕು.”