ಬೋರಮ್ಮನ ಒಲೆಗುಡ್ಡ

ಕರೇಕಲ್ಲಹಟ್ಟಿ ಸ್ಟಾಪಿನಲ್ಲಿ ಬಸ್ಸಿಳಿದು ಬಡಗಲ ಕಡೆ ಕತ್ತು ತಿರುಗಿಸಿದರೆ ಒಂದು ಬೋಳು ಗುಡ್ಡ ಕಾಣುತ್ತೆ. ಅಂಥ ಎತ್ತರ ಏನಿಲ್ಲ. ಮೇಲೆ ಗುಡಿಯಿಲ್ಲ, ಕೋಟೆಯಿಲ್ಲ, ಇರೋದೊಂದು ಮೊಬೈಲ್ ಟವರ್. ಹೆಸರು ಮಾತ್ರ ಬೋರಮ್ಮನ ಒಲೆಗುಡ್ಡ. ಹೊರಗಿನವರು ಯಾವುದೋ ದೇವಿ ಇರಬೇಕು ಅಂದುಕೊಂಡು ಚಪ್ಪಲಿ ಬಿಟ್ಟು, ಸುಡೋ ಬಂಡೆ ಮೇಲೆ ಕುಣಿದುಕೊಂಡು ಹತ್ತುತ್ತಾರೆ. ಹಟ್ಟಿಯ ಮುದುಕರು ಬೇಡ ಅನ್ನೋದಿಲ್ಲ, ನೋಡಿ ನಗುತ್ತಾರೆ ಅಷ್ಟೆ. ಬೋರಮ್ಮ ದೇವಿಯಲ್ಲ. ಗಂಡನ ಜೊತೆ ಒಂದೇ ಸೂರಿನಡಿ ಇರೋಕೆ ಕಾದು ಕಾದು ಸಾಕಾದ ಹೆಣ್ಣುಮಗಳು.

ಹಿಂದೆ ಒಮ್ಮೆ, ಪಾಳೆಗಾರರ ಕಾಲದಲ್ಲಿ, ಈ ಹಟ್ಟಿಯ ಬೇಟೆಗಾರರಲ್ಲಿ ಒಂದು ಕಟ್ಟಳೆ ಇತ್ತಂತೆ. ಮನೆಅಳಿಯನಾಗಿ ಬಂದವನು ಮಾವನ ಬಿಲ್ಲಿನಿಂದ ಒಂದು ಜಿಂಕೆ ಹೊಡೆದು ತರೋವರೆಗೂ ಹಟ್ಟಿಯೊಳಗೆ ಬೇರೆ ಒಲೆ ಹೂಡುವಂತಿಲ್ಲ. ಹೆಂಡತಿ ಒಳಗೆ ಅವಳವ್ವನ ಪಕ್ಕ, ಇವನು ಹೊರಗೆ ಜಗುಲಿ ಮೇಲೆ ಮೇಕೆಮರಿಗಳ ಪಕ್ಕ. ಬಿಲ್ಲು ಅಟ್ಟದಿಂದ ಇಳಿಯೋದು ವರ್ಷಕ್ಕೊಂದೇ ಸಲ, ಯುಗಾದಿ ಮಾರನೇ ದಿನ. ಬೋರಮ್ಮನ ಗಂಡ ಪಾಲಯ್ಯ ಕೋಟೆಪೇಟೆಯಲ್ಲಿ ಬೆಳೆದವನು. ಅವನಪ್ಪ ಪಾಳೆಗಾರನ ಅಡುಗೆಮನೆಗೆ ಸೌದೆ ಒಡೆಯುತ್ತಿದ್ದ. ಪಾಲಯ್ಯ ಅದುವರೆಗೆ ಜಿಂಕೆ ಕಂಡಿದ್ದು ಸಾರಿನಲ್ಲಿ ಮಾತ್ರ.

ಮಾವ ಗಾದ್ರಯ್ಯನ ಬಿಲ್ಲೋ, ಬರೀ ಬಿದಿರಿನದಲ್ಲ. ಬಿದಿರಿಗೆ ಎಮ್ಮೆಕೊಂಬು, ನರ ಎಲ್ಲ ಅಂಟಿಸಿ ಮಾಡಿದ್ದು. ಹೆದೆ ಬಿಚ್ಚಿದರೆ ಉಲ್ಟಾ ಬಾಗಿ ಮುದುರಿಕೊಂಡುಬಿಡುತ್ತಿತ್ತು. ಹೆದೆ ಏರಿಸಬೇಕಾದರೆ ಅದು ಬಾಗಿರೋದಕ್ಕೆ ಎದುರು ದಿಕ್ಕಿಗೆ ಮಣಿಸಬೇಕು. ಮೊದಲ ವರ್ಷ ಪಾಲಯ್ಯ ಊರವರೆಲ್ಲ ನೋಡುತ್ತಿರುವಾಗ ಬಾಗಿದ ಕಡೆಗೇ ಇನ್ನಷ್ಟು ಬಗ್ಗಿಸಿ ಹೆದೆ ಸಿಕ್ಕಿಸಿದ. ಎಳೆದ ಕೂಡಲೇ ಬಿಲ್ಲು ಮಗುಚಿ ಅವನ ಮುಂದಿನ ಹಲ್ಲು ಹಾರಿಸಿತು. ಅಳಿಯ ಬೇಟೆಗೆ ಹೊರಟು ತನ್ನನ್ನೇ ಹೊಡ್ಕೊಂಡ ಅಂತ ಹಟ್ಟಿ ವರ್ಷಪೂರ್ತಿ ನಕ್ಕಿತು. ಬಿಲ್ಲು ಅಟ್ಟ ಸೇರಿತು, ಪಾಲಯ್ಯ ಮೇಕೆಗಳ ಪಕ್ಕ ಸೇರಿದ. ಬೋರಮ್ಮನೂ ನಕ್ಕಳು. ಆದರೆ ನೀರಿಗೆ ಹೋಗೋ ದಾರಿಯಲ್ಲಿ ಒಂದು ಹುಣಿಸೆ ಕೋಲು ಮುರಿದು, ಅದನ್ನೇ ಬಿಲ್ಲಿನಂತೆ ಕಾಲ ಸಂದಿಗೆ ಹಾಕಿ ತೊಡೆಗೆ ಒತ್ತಿ ಹೇಗೆ ಮಣಿಸೋದು ಅಂತ ತೋರಿಸಿಕೊಟ್ಟವಳೂ ಅವಳೇ. ಆ ದಾರಿಯಲ್ಲಿ ಪಾಲಯ್ಯ ತಾನೇ ಕಟ್ಟಿಕೊಂಡ ಬಿದಿರು ಬಿಲ್ಲಿನಿಂದ ವರ್ಷವಿಡೀ ಕಳ್ಳಿಗಿಡಗಳಿಗೆ ಬಾಣ ಹೊಡೆದ.

ಮುಂದಿನ ಯುಗಾದಿಗೆ ಪಾಲಯ್ಯ ಹೆದೆ ಸರಿಯಾಗೇ ಏರಿಸಿದ. ಈ ಗುಡ್ಡ ಹತ್ತಿ, ಬಂಡೆ ಮರೆಯಲ್ಲಿ ಉಸಿರು ಬಿಗಿಹಿಡಿದು ಕೂತ. ಬಿಸಿಲೇರೋ ಹೊತ್ತಿಗೆ ಒಂದು ಕೊಂಬಿನ ಜಿಂಕೆ ಬಂತು, ಹೊಡೆದ. ಜಿಂಕೆ ನೆಗೆದು ಬಂಡೆಯಾಚೆ ಮರೆಯಾಯಿತು. ಬಾಣ ತಾಕಿದ ಜಿಂಕೆಯನ್ನ ತಕ್ಷಣ ಅಟ್ಟಿಸಿಕೊಂಡು ಹೋಗಬಾರದು, ಹೋದರೆ ಊರಾಚೆಗೆ ಓಡುತ್ತೆ, ಬಿಟ್ಟರೆ ಹತ್ತಿರದಲ್ಲೇ ಬೀಳುತ್ತೆ. ಅದಕ್ಕೇ ಹೊಡೆದವನು ಕೂತಲ್ಲೇ ಒಂದು ಎಲೆಅಡಿಕೆ ಅಗಿದು ಮುಗಿಸಿ ಏಳಬೇಕು ಅನ್ನೋದು ಹಟ್ಟಿಯ ರೂಢಿ. ಪಾಲಯ್ಯನಿಗೆ ತಡೆಯಲಾಗದೆ ಇನ್ನೇನು ಓಡಬೇಕು, ಅಷ್ಟರಲ್ಲಿ ಬೋರಮ್ಮ ಬುತ್ತಿ ಹೊತ್ತು ಬಂದಳು.

"ತಾಕ್ತಾ?"

"ತಾಕ್ತು. ಪಕ್ಕೆಗೇ."

"ಹಂಗಾರೆ ತೆಪ್ಪಗೆ ಕೂತ್ಕೋ. ಎಲೆ ನಾ ಮಡಚಿ ಕೊಡ್ತೀನಿ."

ಮದುವೆಯಾದ ಮೇಲೆ ಅವ್ವನ ಕೂಗಿಲ್ಲದೆ, ಮೇಕೆಯ ಕೂಗಿಲ್ಲದೆ ಇಬ್ಬರೇ ಕೂತಿದ್ದು ಅದೇ ಮೊದಲು. ಒಂದು ಎಲೆ ಮುಗಿಯಿತು. ಮಾತು ಮುಗಿಯಲಿಲ್ಲ, ಇನ್ನೊಂದು ಮಡಚಿದಳು. ಅವನ ಹಲ್ಲಿನ ಸಂದಿಯಿಂದ ರಸ ಎಷ್ಟು ದೂರ ಹಾರುತ್ತೆ ಅಂತ ಪಂದ್ಯ ಬೇರೆ ಕಟ್ಟಿದರಂತೆ. ಎದ್ದು ಬಂಡೆಯಾಚೆ ಹೋಗೋ ಹೊತ್ತಿಗೆ ಹೊತ್ತು ಇಳಿದಿತ್ತು. ಅಲ್ಲಿ ರಕ್ತ, ಎಳೆದುಕೊಂಡು ಹೋದ ಗುರುತು, ಚಿರತೆಯ ಹೆಜ್ಜೆ. ಜಿಂಕೆ ಇಲ್ಲ.

ಪಾಲಯ್ಯ ತಲೆ ಮೇಲೆ ಕೈ ಹೊತ್ತು ಕುಸಿದ. ಇನ್ನೊಂದು ವರ್ಷ ಜಗುಲಿ. ಬೋರಮ್ಮ ಮೂರು ಕಲ್ಲು ಉರುಳಿಸಿ ತಂದಳು, ಪುರಲೆ ಒಟ್ಟಿ ಚಕಮಕಿ ಉಜ್ಜಿ ಬೆಂಕಿ ಮಾಡಿ ಬುತ್ತಿಯ ರೊಟ್ಟಿ ಬಿಸಿಗಿಟ್ಟಳು. ಹೊಗೆ ನೋಡಿ ಗಾದ್ರಯ್ಯ, ಜಿಂಕೆ ಹೊರೋಕೆ ಒಂದು ಬಿದಿರಿನ ಗಳ ಹಿಡಿದ ನಾಲ್ಕು ಆಳುಗಳ ಜೊತೆ ಹತ್ತಿಬಂದ. ಜಿಂಕೆ ಎಲ್ಲಿ ಅಂತ ಕೇಳಿದ.

"ಚಿರತೆ ತಿಂತು ಕಣಪ್ಪಯ್ಯ," ಅಂದಳು ಬೋರಮ್ಮ. "ಹಟ್ಟಿಯೊಳಗೆ ಒಲೆ ಹೂಡಬಾರ್ದು ಅಂತ ತಾನೇ ಕಟ್ಟಳೆ? ಇದು ಹಟ್ಟಿ ಅಲ್ಲ. ಇನ್ಮೇಲೆ ನಾವಿಲ್ಲೇ."

ಗಾದ್ರಯ್ಯ ಬಂಡೆಯಾಚೆ ಹೋಗಿ ರಕ್ತ ನೋಡಿದ. ವಾಪಸ್ ಬಂದು ಇಬ್ಬರ ಕೆಂಪು ಬಾಯಿ ನೋಡಿದ, ಬಂಡೆ ತುಂಬ ಉಗಿದ ಕಲೆ ನೋಡಿದ.

"ಹೊಡ್ದಿದ್ದು ಚೆನ್ನಾಗೇ ಹೊಡ್ದಿದೀಯ ಅಳಿಯ. ಅಗಿದಿದ್ದು ಜಾಸ್ತಿ ಆಯ್ತು."

ಆಳುಗಳು ಬಿದ್ದುಬಿದ್ದು ನಕ್ಕರು. ಮುದುಕ ಆ ಬಿದಿರಿನ ಗಳವನ್ನ ಇಸ್ಕೊಂಡು ಬಂಡೆ ಸಂದಿಗೆ ನೆಟ್ಟ. ಗುಡಿಸಲಿನ ಮೊದಲ ಕಂಬ ಅದೇ ಎನ್ನುತ್ತಾರೆ. ಆಮೇಲೆ ಒಲೆ ಪಕ್ಕ ಕೂತು ಮಗಳ ಕಡೆ ಎಲೆಗೆ ಕೈ ಚಾಚಿದ. ಪಾಲಯ್ಯ ಮುಂದೆ ಜಿಂಕೆ ತಂದನೋ ಇಲ್ಲವೋ, ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಗುಡಿಸಲಿನಲ್ಲಿ ಐದು ಮಕ್ಕಳಾಗಿದ್ದು ಮಾತ್ರ ಎಲ್ಲರೂ ಒಪ್ಪೋ ಮಾತು.

ಈಗ ಅಲ್ಲಿ ಗುಡಿಸಲಿಲ್ಲ. ಮಸಿ ಹಿಡಿದ ಮೂರು ಕಲ್ಲಿವೆ, ಪಕ್ಕದ ಬಂಡೆ ಮೇಲೆ ಎಷ್ಟು ಮಳೆ ಬಂದರೂ ಹೋಗದ ಕೆಂಪು ಕಲೆಗಳಿವೆ. ಹೊಸದಾಗಿ ಮದುವೆಯಾದವರು ಎಲೆಅಡಿಕೆ ಕಟ್ಟಿಕೊಂಡು ಹತ್ತಿ ಕೂರುತ್ತಾರೆ. ಎಷ್ಟು ಹೊತ್ತಾದರೂ ಕೆಳಗಿನಿಂದ ಯಾರೂ ಕೂಗಿ ಕರೆಯೋದಿಲ್ಲ.