ಹಗೇವಿನ ಬಾಯಿ ಕಾಯುವವನು

“ಬಿಸಿಯಾದದ್ದು ಲೋಕದ ಮೇಲ್ಭಾಗ. ಸತ್ತದ್ದು ಮಾತ್ರ ಕಡಲಿನ ತಳದ ಜೀವಗಳು. ಹೀಗೇಕಾಯಿತು ಮೇಷ್ಟ್ರೇ?” ಎಂದು ಸುನೇತ್ರಾ ಕೇಳಿದಳು.

ಕೇಳಿದ್ದು ಫಕೀರಪ್ಪ ಮೇಷ್ಟ್ರನ್ನು. ಅವರು ಧ್ರುವದ ಕಡಲಿನ ಕೆಸರನ್ನು ಓದುವವರು. ಹಡಗಿನವರು ಕಡಲ ತಳಕ್ಕೆ ಕೊಳವೆ ಇಳಿಸಿ, ಕಬ್ಬಿನ ಜಲ್ಲೆಯಂತೆ ಉದ್ದಕ್ಕೆ ಎತ್ತಿ ತಂದ ಕೆಸರು ಅದು. ಕೆಳಗಿನ ಪದರ ಹಳೆಯ ಕಾಲದ್ದು, ಮೇಲಿನದು ಈಚಿನದು. ಪದರ ಪದರದಲ್ಲೂ ಕಡಲಜೀವಿಗಳ ಸಾಸಿವೆಗಿಂತ ಸಣ್ಣ ಚಿಪ್ಪುಗಳು. ಸುನೇತ್ರಾ ಅವರ ಶಿಷ್ಯೆ. ಸೂಕ್ಷ್ಮದರ್ಶಕದ ಮುಂದೆ ಕೂತು, ಒಂದೊಂದೇ ಚಿಪ್ಪನ್ನು ಕುಂಚದ ತುದಿಯಿಂದ ಹೊರಳಿಸಿ, ಅದರ ಹೆಸರನ್ನು ಬಾಯಿಬಿಟ್ಟು ಹೇಳುವುದು ಅವಳ ಕೆಲಸ. ಬಾಯಿಬಿಟ್ಟೇ ಹೇಳಬೇಕೆಂದು ಮೇಷ್ಟ್ರ ಹಟ. ಮನಸ್ಸಿನಲ್ಲೇ ಹೇಳಿಕೊಂಡರೆ ಕಣ್ಣು ಮೋಸ ಮಾಡುತ್ತದೆ ಎನ್ನುತ್ತಿದ್ದರು.

ಐದು ಕೋಟಿ ವರ್ಷಕ್ಕೂ ಹಿಂದೆ, ಮೊದಲೇ ಬೆಚ್ಚಗಿದ್ದ ಲೋಕ ಒಮ್ಮೆ ಇನ್ನಷ್ಟು ಬಿಸಿಯಾಯಿತು. ಧ್ರುವದ ಕಡಲೂ ಕಾದಿತು. ಆ ಕಾಲದ ಪದರವನ್ನು ಸುನೇತ್ರಾ ಅಂದು ಮುಟ್ಟಿದ್ದಳು. ಅದಕ್ಕಿಂತ ಹಳೆಯ ಪದರಗಳಲ್ಲಿ ತಳದಲ್ಲಿ ಬಾಳುವ ಚಿಪ್ಪುಗಳು ಬೇಕಾದಷ್ಟು ಸಿಗುತ್ತಿದ್ದವು. ಈ ಪದರಕ್ಕೆ ಬಂದರೆ ಅವುಗಳಲ್ಲಿ ಎಷ್ಟೋ ಬಗೆಯವು ಇಲ್ಲವೇ ಇಲ್ಲ. ಮೇಲಿನ ನೀರಿನಲ್ಲಿ ತೇಲಿಕೊಂಡಿದ್ದವು ಮಾತ್ರ ಹೇಗೋ ಬಚಾವಾಗಿದ್ದವು.

ಅವಳ ಪ್ರಶ್ನೆಯ ಬೆನ್ನಿಗೆ ಇನ್ನೊಂದು ಮಾತಿತ್ತು. ಈ ಕೆಲಸವನ್ನೇ ಬಿಟ್ಟುಬಿಡಬೇಕೆಂದು ಅವಳು ನಿರ್ಧರಿಸಿ ಬಂದಿದ್ದಳು. ಎಂದೋ ಸತ್ತುಹೋದವುಗಳ ಹೆಸರು ಹೇಳುತ್ತ ಕೂತರೆ ಯಾರ ಉದ್ಧಾರವಾಗಬೇಕು ಎಂದು ಅವಳಿಗೆ ಬೇಸರ ಹತ್ತಿತ್ತು. ಅದನ್ನೂ ಹೇಳಿಬಿಟ್ಟಳು. ಹೇಳುವಾಗ ಅವರ ಮುಖ ನೋಡಲಿಲ್ಲ. ಮೇಷ್ಟ್ರೆಂದರೆ ಅವಳಿಗೆ ಅಷ್ಟು ಅಕ್ಕರೆ.

ಮೇಷ್ಟ್ರು ಬೇಡ ಎನ್ನಲಿಲ್ಲ, ಹೂಂ ಎನ್ನಲೂ ಇಲ್ಲ. ಕೇಳಿದ್ದಕ್ಕೆ ನೇರ ಉತ್ತರ ಕೊಟ್ಟು ಆ ಮನುಷ್ಯನಿಗೆ ರೂಢಿಯೇ ಇಲ್ಲ. ತಮ್ಮ ಫ್ಲಾಸ್ಕಿನ ಚಹಾವನ್ನು ಎರಡು ಲೋಟಕ್ಕೆ ಬಗ್ಗಿಸಿ, ಒಂದನ್ನು ಅವಳ ಮುಂದೆ ಸರಿಸಿದರು. ಹೋಗುವವಳು ಹೇಗೂ ಹೋಗುತ್ತೀ, ಒಂದು ಕತೆ ಕೇಳಿಯೇ ಹೋಗು ಎಂದರು.

ಒಬ್ಬ ರೈತನಿದ್ದ. ಅವನಿಗೊಬ್ಬ ತಮ್ಮ. ತಂದೆತಾಯಿ ಬೇಗ ತೀರಿಕೊಂಡದ್ದರಿಂದ ಅಣ್ಣನೇ ತಮ್ಮನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದ. ತಮ್ಮ ಆಳೆತ್ತರ ಬೆಳೆದ, ಮೀಸೆ ಬಂತು, ನೇಗಿಲು ಹೂಡಿದರೆ ಎತ್ತುಗಳೇ ದಣಿಯುವಂಥ ಗಟ್ಟಿಗನಾದ. ಆದರೂ ಅಣ್ಣನ ಬಾಯಲ್ಲಿ ಅವನು ಗುಂಡ್ಯಾನೇ.

ಅವರ ಮನೆಯ ಮುಂದೆ ಒಂದು ಹಗೇವು ಇತ್ತು. ಜೋಳ ತುಂಬಿಡಲು ನೆಲದೊಳಗೆ ಬಾವಿಯಂತೆ ತೋಡಿದ ಕಣಜಕ್ಕೆ ಆ ಸೀಮೆಯಲ್ಲಿ ಹಗೇವು ಎನ್ನುತ್ತಾರೆ. ಬಾಯಿ ಕಿರಿದು, ಹೊಟ್ಟೆ ದೊಡ್ಡದು. ತುಂಬಿ, ಕಲ್ಲು ಮುಚ್ಚಿ, ಮಣ್ಣು ಮೆತ್ತಿದರೆ ಜೋಳ ವರ್ಷಗಟ್ಟಲೆ ಕೆಡುವುದಿಲ್ಲ. ಕೆಡುವುದು ಒಳಗಿನ ಗಾಳಿ. ಜೋಳವೂ ಉಸಿರಾಡುತ್ತದಲ್ಲ, ಒಳಗಿದ್ದ ಉಸಿರನ್ನೆಲ್ಲ ಅದೇ ತೀರಿಸಿಬಿಡುತ್ತದೆ. ಆ ಗಾಳಿ ಕಣ್ಣಿಗೆ ಕಾಣುವುದಿಲ್ಲ. ಇಳಿದವನಿಗೆ ಜೊಂಪು ಹತ್ತಿದಂತಾಗುತ್ತದೆ. ಅಲ್ಲಿಗೆ ಮುಗಿಯಿತು.

ಅದಕ್ಕೇ ಆ ಮನೆಯಲ್ಲೊಂದು ಪದ್ಧತಿ. ಸಂಕ್ರಾಂತಿ ಕಳೆದ ಮೊದಲ ಸೋಮವಾರವೇ ಹಗೇವಿಗೆ ಇಳಿಯಬೇಕು. ಹಿಂದಿನ ಸಂಜೆ ಕಲ್ಲು ಸರಿಸಿ, ಬೆಳಗಾಗುವವರೆಗೆ ಅದರ ಬಾಯಿ ತೆರೆದಿಡಬೇಕು. ಇಳಿಯುವವನ ಸೊಂಟಕ್ಕೆ ಹಗ್ಗ ಕಟ್ಟಬೇಕು. ಮೇಲೆ ಕೂತವನು ಕೆಳಗಿನವನ ಹೆಸರು ಹಿಡಿದು ಕೂಗುತ್ತಲೇ ಇರಬೇಕು. ಕೆಳಗಿನವನು ಓ ಎನ್ನುತ್ತಲೇ ಇರಬೇಕು. ಅಜ್ಜನ ಕಾಲದಲ್ಲಿ ಮೊದಲು ದೀಪ ಇಳಿಸಿ ನೋಡುತ್ತಿದ್ದರು. ಆ ಸೋಮವಾರ ಇಳಿಸಿದ ದೀಪ ಎಂದೂ ಆರಲಿಲ್ಲ. ಅಪ್ಪನ ಕಾಲಕ್ಕೆ ದೀಪ ಇಳಿಸುವುದೇ ಬಿಟ್ಟುಹೋಯಿತು. ಸೋಮವಾರ ಬಸವಣ್ಣನ ದಿನ, ಅಂದು ಹಗೇವು ಯಾರನ್ನೂ ಮುಟ್ಟುವುದಿಲ್ಲ ಎಂದು ಮನೆಮಂದಿಯೆಲ್ಲ ನಂಬಿದರು.

ಅಷ್ಟು ವರ್ಷ ಅವರನ್ನು ಕಾಪಾಡಿದ್ದು ಸೋಮವಾರವಲ್ಲ, ಚಳಿ. ತಣ್ಣನೆಯ ಗಾಳಿ ಭಾರ. ತೆರೆದಿಟ್ಟ ಬಾಯಿಂದ ಅದು ತಾನಾಗಿ ತಳಕ್ಕಿಳಿದು, ಕೆಟ್ಟ ಗಾಳಿಯನ್ನು ಮೇಲಕ್ಕೆ ನೂಕಿ, ಬೆಳಗಾಗುವಷ್ಟರಲ್ಲಿ ಹಗೇವನ್ನು ಹಸನು ಮಾಡಿರುತ್ತಿತ್ತು. ಮನೆಯವರು ಮಲಗಿದ್ದಾಗ ಬಂದು ದುಡಿದು ಹೋಗುತ್ತಿದ್ದ ಆಳು ಅದು. ಅವರೋ, ಬೆಳಿಗ್ಗೆ ಎದ್ದು ಬಸವಣ್ಣನಿಗೆ ಕೈಮುಗಿಯುತ್ತಿದ್ದರು. ಕೈಮುಗಿಯಲಿ, ತಪ್ಪೇನಿಲ್ಲ.

ಒಂದು ವರ್ಷ ಚಳಿಯೇ ಬರಲಿಲ್ಲ. ಸಂಕ್ರಾಂತಿ ಬಂದರೂ ಜನ ಕಂಬಳಿ ಹೊದೆಯದೆ ಅಂಗಳದಲ್ಲಿ ಮಲಗಿದರು. ಈ ಸಲ ಬದುಕಿಕೊಂಡೆವು ಎಂದು ಮುದುಕರು ಹಿಗ್ಗಿದರು. ಅದೇ ವರ್ಷ ತಮ್ಮನಿಗೆ ಹೆಣ್ಣು ಗೊತ್ತಾಗಿತ್ತು. ಮದುವೆಯ ರೊಟ್ಟಿಗೆ ಜೋಳ ತೆಗೆಯಬೇಕಿತ್ತು. ರೂಢಿಯಂತೆ ಹಿಂದಿನ ಸಂಜೆ ಹಗೇವಿನ ಕಲ್ಲು ಸರಿಸಿದರು. ಸೋಮವಾರ ಬೆಳಿಗ್ಗೆ ಹೆಣ್ಣಿನ ಕಡೆಯವರೂ ಮಾತುಕತೆಗೆಂದು ಬಂದು, ಮನೆಯ ಮುಂದಿನ ಕಟ್ಟೆಯ ಮೇಲೆ ಕೂತರು.

ತಮ್ಮನು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಅಣ್ಣನನ್ನು ಪಕ್ಕಕ್ಕೆ ಕರೆದ.

“ಅಣ್ಣಾ, ನಿನ್ನ ಕಾಲಿಗೆ ಬೀಳುತ್ತೇನೆ. ಬೀಗರ ಮುಂದೆ ಗುಂಡ್ಯಾ ಗುಂಡ್ಯಾ ಎಂದು ಕೂಗಬೇಡ. ನನ್ನ ಮರ್ಯಾದೆ ಹೋಗುತ್ತದೆ.”

ಅಣ್ಣನಿಗೆ ನಗು ತಡೆಯಲಾಗಲಿಲ್ಲ. ತಮ್ಮನಿಗೆ ಒಂದು ದೊಡ್ಡ ಹೆಸರೂ ಇತ್ತು. ಅದನ್ನು ಕೂಗಿ ಅಣ್ಣನ ನಾಲಿಗೆಗೆ ರೂಢಿಯಿರಲಿಲ್ಲ. ಮದುಮಗನ ಮುಖ ನೋಡಿ ಅಯ್ಯೋ ಪಾಪ ಅನ್ನಿಸಿತು. ಆಯಿತಪ್ಪ, ಕೂಗುವುದಿಲ್ಲ ಎಂದು ಮಾತು ಕೊಟ್ಟ. ಬುಟ್ಟಿ ಮೇಲೆ ಬರುತ್ತಿದ್ದರೆ ಕೆಳಗೆ ನೀನಿದ್ದೀ ಎಂದು ತಿಳಿದುಕೊಳ್ಳುತ್ತೇನೆ ಎಂದ.

ತಮ್ಮ ಇಳಿದ. ಅಣ್ಣ ಬಾಯಿ ಬಿಗಿಹಿಡಿದು ಕೂತ. ಮೊದಲ ಬುಟ್ಟಿ ತುಂಬಿ ಬಂತು. ಜೋಳ ಬಂಗಾರದ ಹಾಗಿದೆ ಎಂದು ಬೀಗರು ಕೈಯಲ್ಲಿ ಹಿಡಿದು ನೋಡಿದರು. ಅಣ್ಣ ಬುಟ್ಟಿಯನ್ನು ಮತ್ತೆ ಇಳಿಸಿದ. ಬೀಗರು ಹವಾಮಾನದ ಮಾತು ತೆಗೆದರು. ಚಳಿಯಿಲ್ಲದ್ದು ಎಷ್ಟು ಒಳ್ಳೆಯದಾಯಿತು, ಮದುವೆಗೆ ಬಂದವರು ಚಪ್ಪರದಲ್ಲೇ ಹಾಯಾಗಿ ಮಲಗಬಹುದು ಎಂದರು. ಅಣ್ಣ ಹೌದೆಂದು ತಲೆಯಾಡಿಸಿದ. ಬುಟ್ಟಿಯ ಹಗ್ಗ ಅಲುಗಲಿಲ್ಲ. ತುಂಬುತ್ತಿರಬೇಕು ಎಂದುಕೊಂಡ.

ಆ ಹಗೇವಿನ ಮುಂದೆ ಅವನು ಎಂದೂ ಸುಮ್ಮನೆ ಕೂತವನಲ್ಲ. ಕೂಗಿದರೆ ಕೊಟ್ಟ ಮಾತು ತಪ್ಪುತ್ತದೆ, ಬೀಗರು ನಗುತ್ತಾರೆ, ಹುಡುಗ ಮದುವೆ ಮುಗಿಯುವವರೆಗೂ ಮುಖ ಊದಿಸಿಕೊಂಡಿರುತ್ತಾನೆ. ಕೂಗದಿದ್ದರೆ ಕೆಳಗೆ ಏನಾಯಿತೆಂದು ತಿಳಿಯುವುದಿಲ್ಲ. ಅಣ್ಣ ಹಗ್ಗ ನೋಡಿದ, ಬೀಗರನ್ನು ನೋಡಿದ, ಮತ್ತೆ ಹಗ್ಗ ನೋಡಿದ. ಮುನಿದರೆ ಮುನಿಯಲಿ, ಇವನನ್ನು ರಮಿಸುವುದು ನನಗೇನು ಹೊಸದೇ ಎಂದುಕೊಂಡು, ಹಗೇವಿನ ಬಾಯಿಗೆ ಬಗ್ಗಿ ಗುಂಡ್ಯಾ ಎಂದು ಕೂಗಿದ.

ಬೀಗರು ಗೊಳ್ಳೆಂದು ನಕ್ಕರು. ಕೆಳಗಿನಿಂದ ಓ ಬರಲಿಲ್ಲ. ಇನ್ನೊಮ್ಮೆ ಕೂಗಿದ. ಆಗ ಬೀಗರ ನಗುವೂ ನಿಂತಿತು.

ಅಣ್ಣ ತಾನೇ ಧುಮುಕಲು ಹೋದ. ಹೆಣ್ಣಿನ ತಂದೆ ಅವನ ರಟ್ಟೆ ಹಿಡಿದು ನಿಲ್ಲಿಸಿ, ಸೊಂಟದ ಹಗ್ಗ ಇದೆಯಲ್ಲ ಎಂದ. ಬೀಗರೆಲ್ಲ ಧೋತರ ಮೇಲೆ ಕಟ್ಟಿ ಹಗ್ಗಕ್ಕೆ ಕೈ ಹಾಕಿದರು. ತಮ್ಮ ಮೇಲೆ ಬಂದಾಗ ಮೈಯಲ್ಲಿ ಕಸುವಿರಲಿಲ್ಲ, ತಲೆ ಜೋತು ಬಿದ್ದಿತ್ತು. ಅಂಗಳದಲ್ಲಿ ಮಲಗಿಸಿ, ಮೊರದಿಂದ ಗಾಳಿ ಬೀಸಿದರು. ಅಣ್ಣ ಅವನ ಅಂಗಾಲು ತಿಕ್ಕುತ್ತ, ಅದೇ ಹೆಸರನ್ನು ಕೂಗುತ್ತಲೇ ಇದ್ದ. ಯಾರು ಕೇಳುತ್ತಿದ್ದಾರೆ ಎಂಬ ಗೊಡವೆ ಅವನಿಗಿರಲಿಲ್ಲ. ಕೊನೆಗೆ ಕಣ್ಣು ಮುಚ್ಚಿಕೊಂಡೇ ತಮ್ಮ ಓ ಎಂದ.

ಅಣ್ಣ ಅತ್ತ. ಅಳುತ್ತಲೇ ಬಾಯಿಗೆ ಬಂದಂತೆ ಬೈದ. ಇನ್ನು ಮೇಲೆ ನಾನೂ ಅಳಿಯನನ್ನು ಗುಂಡ್ಯಾ ಎಂದೇ ಕರೆಯುತ್ತೇನೆ ಎಂದು ಹೆಣ್ಣಿನ ತಂದೆ ಕಣ್ಣೊರೆಸಿಕೊಂಡ. ಆಮೇಲೆ ಯಾರಿಗೋ ಹೊಳೆದು ಒಂದು ದೀಪ ಹಚ್ಚಿ ಹಗೇವಿಗೆ ಇಳಿಸಿದರು. ಅದು ಅರ್ಧ ದಾರಿಯಲ್ಲೇ ಆರಿತು.

ಕತೆ ಅಲ್ಲಿಗೆ ಮುಗಿಯಿತು. ಮೇಷ್ಟ್ರ ಲೋಟದ ಚಹಾ ಆರಿಹೋಗಿತ್ತು. ಅದನ್ನೇ ಒಂದು ಗುಟುಕು ಕುಡಿದು, ಅವಳು ಕೇಳಿದ್ದಕ್ಕೆ ಬಂದರು. ಧ್ರುವದ ಕಡಲೇ ಲೋಕದ ಕಡಲಿಗೆಲ್ಲ ಹಗೇವಿನ ಬಾಯಿ ಎಂದರು. ಅಲ್ಲಿಯ ಚಳಿಗೆ ನೀರು ಭಾರವಾಗಿ, ಉಸಿರನ್ನು ಹೊತ್ತುಕೊಂಡು ತಳಕ್ಕಿಳಿದು, ಲೋಕದ ಮೂಲೆ ಮೂಲೆಗೆ ತೆವಳಿಕೊಂಡು ಹೋಗುತ್ತದೆ. ಆ ಕಾಲದಲ್ಲಿ ಬಾಯಿಯೇ ಕಾದಿತು, ಇಳಿದ ನೀರೂ ಬಿಸಿ, ಅದರಲ್ಲಿದ್ದ ಉಸಿರೂ ಕಡಿಮೆ. ಪಂಡಿತರು ಬೇರೆ ಕಾರಣಗಳನ್ನೂ ಹೇಳುತ್ತಾರೆ, ನೀರು ಹುಳಿಯಾದದ್ದೂ ಒಂದು. ಅವರೊಡನೆ ತಮಗೆ ಜಗಳವಿಲ್ಲ ಎಂದರು. ಈಗ ಮತ್ತೆ ಆ ಬಾಯಿಯ ಚಳಿ ಕಡಿಮೆಯಾಗುತ್ತಿದೆ, ತಳದಲ್ಲಿ ಈಗಲೂ ಜೀವಗಳಿವೆ, ನಾವು ಮಾತ್ರ ಕಟ್ಟೆಯ ಮೇಲಿನ ಬೀಗರ ಹಾಗೆ ಹಾಯಾಗಿ ಕೂತಿದ್ದೇವೆ ಎಂದೂ ಸೇರಿಸಿದರು.

ಸುನೇತ್ರಾ ತನ್ನ ತಟ್ಟೆಯ ಚಿಪ್ಪುಗಳನ್ನು ನೋಡುತ್ತ ಕೂತಿದ್ದಳು. ಅವಳ ಬೇಸರ ಇನ್ನೂ ಹೋಗಿರಲಿಲ್ಲ.

“ಗುಂಡ್ಯಾನನ್ನು ಕೂಗಲು ಅವನ ಅಣ್ಣನಿದ್ದ, ಮೇಷ್ಟ್ರೇ. ಇವು ಸತ್ತು ಐದು ಕೋಟಿ ವರ್ಷವಾಯಿತು. ಈಗ ನಾನು ಹೆಸರು ಹಿಡಿದು ಕೂಗಿದರೆ ಯಾವುದು ಓ ಎನ್ನುತ್ತದೆ?”

ಮೇಷ್ಟ್ರು ಅವಳ ಕುಂಚವನ್ನು ಮೆಲ್ಲನೆ ಅವಳ ಕಡೆಗೇ ಸರಿಸಿದರು.

“ಓ ಬರಲಿಲ್ಲ ಎಂಬುದು ಕೂಗಿದವರಿಗೆ ಮಾತ್ರ ಗೊತ್ತಾಗುತ್ತದೆ, ತಂಗಿ.”

ಸುನೇತ್ರಾ ಕುಂಚ ಎತ್ತಿಕೊಂಡು, ಮುಂದಿನ ಚಿಪ್ಪನ್ನು ಹೊರಳಿಸಿ, ಅದರ ಹೆಸರನ್ನು ಬಾಯಿಬಿಟ್ಟು ಹೇಳಿದಳು.